ಕಲ್ಲಿದ್ದಲ ಪದರದ ಬೇರುಗಳು: ನಾಮಕರಣ ಮತ್ತು ಶ್ರಮಿಕರ ಅರಿವು

ವಸ್ತುವಿನ ನಿಜಸ್ವರೂಪ ತಿಳಿಯುವ ಮೊದಲೇ ಅದರ ಆಕಾರವನ್ನು ಕಂಡು ಹೆಸರಿಡುವುದು ಜನಪದರಲ್ಲಿರುವಂತೆ ವಿಜ್ಞಾನದಲ್ಲಿಯೂ ಉಂಟು. ಯುರೋಪ್ ಮತ್ತು ಉತ್ತರ ಅಮೆರಿಕದ ಕಾರ್ಬಾನಿಫೆರಸ್ ಯುಗದ ಕಲ್ಲಿದ್ದಲ ನಿಕ್ಷೇಪಗಳಲ್ಲಿ ದೊರೆಯುವ ‘ಸ್ಟಿಗ್ಮೇರಿಯಾ’ ಎಂಬ ಪಳೆಯುಳಿಕೆ ಇದಕ್ಕೊಂದು ನಿದರ್ಶನ. ಮೈತುಂಬ ದುಂಡನೆಯ ಕಲೆಗಳಿರುವುದರಿಂದ, ಕಲೆ ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿತು. ಬಹುಕಾಲ ಅದನ್ನು ಪ್ರತ್ಯೇಕ ಸಸ್ಯವೆಂದೇ ಭಾವಿಸಲಾಗಿತ್ತು. ಬೇರುಸಮೇತವಾದ ಮರದ ಬುಡಗಳು ದೊರೆತ ಬಳಿಕ, ಇವು ಲೆಪಿಡೊಡೆಂಡ್ರಾನ್, ಸಿಜಿಲೇರಿಯಾ ಮೊದಲಾದ ಬೃಹತ್ ವೃಕ್ಷಗಳ ಬೇರುಗಳೆಂಬುದು ಖಚಿತವಾಯಿತು. ಆ ಕಲೆಗಳು ಕಿರುಬೇರುಗಳು ಕಳಚಿದ ಗುರುತುಗಳು.

1840ರಲ್ಲಿ ವಿಲಿಯಂ ಲೋಗನ್ ದಕ್ಷಿಣ ವೇಲ್ಸಿನ ಗಣಿಗಳನ್ನು ಕುರಿತ ಪ್ರಬಂಧವನ್ನು ಲಂಡನ್ನಿನ ಭೂವಿಜ್ಞಾನ ಸಂಘದ ಮುಂದಿಟ್ಟರು. ಅಲ್ಲಿನ ಕಲ್ಲಿದ್ದಲ ಪದರಗಳ ಕೆಳಗೆ ತಪ್ಪದೆ ಜೇಡಿಯ ಪದರವಿದ್ದು, ಅದರೊಳಗೆ ಸ್ಟಿಗ್ಮೇರಿಯಾ ಹರಡಿಕೊಂಡಿರುವುದನ್ನು ಅವರು ತೋರಿಸಿದರು. ಜೇಡಿಯೇ ಅಂದಿನ ಕಾಡಿನ ನೆಲ. ಕಲ್ಲಿದ್ದಲು ಬೇರೆಡೆಯಿಂದ ಕೊಚ್ಚಿಬಂದ ಮರಗಳಿಂದಲ್ಲ, ಅಲ್ಲಿಯೇ ಬೆಳೆದ ಸಸ್ಯಗಳಿಂದ ಉಂಟಾಯಿತೆಂಬ ವಾದಕ್ಕೆ ಇದು ಬಲವಾದ ಆಧಾರವಾಯಿತು. ಗಮನಾರ್ಹ ಸಂಗತಿಯೆಂದರೆ, ಆ ಜೇಡಿ ಪದರವನ್ನು ಗಣಿ ಕೆಲಸಗಾರರು ಮೊದಲೇ ಬಲ್ಲವರಾಗಿದ್ದು, ಅದಕ್ಕೆ ತಮ್ಮವೇ ಹೆಸರುಗಳನ್ನು ಇಟ್ಟುಕೊಂಡಿದ್ದರು.

ಶ್ರಮಿಕರ ಹೆಸರುಗಳಲ್ಲಿ ಪ್ರಾಣರಕ್ಷಣೆಯ ತಿಳಿವೂ ಅಡಗಿದೆ. ಅಮೆರಿಕದ ಅಪಲೇಚಿಯನ್ ಪ್ರದೇಶದ ಗಣಿಗಳ ಚಾವಣಿಯಲ್ಲಿ ಕಾಣುವ ದುಂಡು ಕಲ್ಲಿಗೆ ಅಲ್ಲಿನವರು ‘ಕೆಟಲ್ ಬಾಟಮ್’, ಅಂದರೆ ಕೆಟಲಿನ ತಳ, ಎನ್ನುತ್ತಾರೆ. ನಿಂತಿದ್ದ ಮರದ ಟೊಳ್ಳು ಬುಡದೊಳಗೆ ಕೆಸರು ತುಂಬಿ ಕಲ್ಲಾದ ಅಚ್ಚು ಅದು. ತೊಗಟೆಯು ತೆಳುವಾದ ಕಲ್ಲಿದ್ದಲ ಪೊರೆಯಾಗಿ ಉಳಿದಿರುವುದರಿಂದ ಸುತ್ತಲ ಶಿಲೆಗೂ ಅದಕ್ಕೂ ಬಿಗಿಯಾದ ಬೆಸುಗೆಯಿಲ್ಲ. ಕೆಳಗಿನ ಕಲ್ಲಿದ್ದಲನ್ನು ತೆಗೆದೊಡನೆ ಮುನ್ಸೂಚನೆಯಿಲ್ಲದೆ ಕಳಚಿ ಬಿದ್ದು ಕೆಲಸಗಾರರ ಜೀವಹಾನಿಗೆ ಕಾರಣವಾಗಿದೆ. ಆ ಹೆಸರು ಒಬ್ಬರಿಂದೊಬ್ಬರಿಗೆ ದಾಟುವ ಎಚ್ಚರಿಕೆಯೂ ಹೌದು.

ಭಾರತದ ರಾಣಿಗಂಜ್ ಮೊದಲಾದೆಡೆಯ ಗೊಂಡ್ವಾನ ಕಲ್ಲಿದ್ದಲು ಇದಕ್ಕಿಂತ ಈಚಿನದು; ಪರ್ಮಿಯನ್ ಯುಗದ್ದು. ಅಲ್ಲಿನ ಬೇರು ‘ವರ್ಟೆಬ್ರೇರಿಯಾ’. ಬೆನ್ನೆಲುಬನ್ನು ಹೋಲುವುದರಿಂದ ಆ ಹೆಸರು. ಅದು ಗ್ಲಾಸೊಪ್ಟೆರಿಸ್ ಮರದ ಬೇರೆಂಬುದು ತಿಳಿದದ್ದು ತರುವಾಯ.

ಹೀಗೆ ಕಲೆ, ಬೆನ್ನೆಲುಬು, ಕೆಟಲಿನ ತಳ ಎಂಬ ಮೂರೂ ಹೆಸರುಗಳು ಸಾದೃಶ್ಯದಿಂದಲೇ ಹುಟ್ಟಿದವು. ಮೊದಲೆರಡು ಗ್ರಂಥಗಳಲ್ಲಿ ಭದ್ರವಾಗಿವೆ. ಮೂರನೆಯದರಂತಹ ವೃತ್ತಿಪದಗಳು ಮಾತಿನಲ್ಲಷ್ಟೇ ಬದುಕಿ, ಗಣಿ ಮುಚ್ಚಿದಾಗ ಮರೆಯಾಗಬಹುದು. ಅವುಗಳ ಸಂಗ್ರಹವು ಜಾನಪದ ಅಧ್ಯಯನದ ಹೊಣೆಗಳಲ್ಲಿ ಒಂದಾಗಿದೆ.