ಪುಣೆ–ಬೆಂಗಳೂರು ಫ್ಲೈಟ್: 52 ನಿಮಿಷದ ಲೆಕ್ಕ ತಪ್ಪೋದು ಎಲ್ಲಿ?

ಪುಣೆಯ ಲೋಹೆಗಾಂವ್ ಏರ್‌ಪೋರ್ಟಿನಿಂದ ಬೆಂಗಳೂರಿನ ದೇವನಹಳ್ಳಿಗೆ ನೇರ ದೂರ ಸುಮಾರು 720 ಕಿಮೀ. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ತಗೊಂಡು, ಭೂಮಿಯ ತ್ರಿಜ್ಯ 6,371 ಕಿಮೀ ಅಂತ ಹ್ಯಾವರ್‌ಸೈನ್ ಸೂತ್ರಕ್ಕೆ ಹಾಕಿದ್ರೆ ಈ ಸಂಖ್ಯೆ ಬರುತ್ತೆ. ನಾಲ್ಕೈದು ಸಾಲು ಪೈಥಾನ್ ಸಾಕು. ಏರ್‌ಬಸ್ ಎ320 ಮೇಲೆ ಹೋದ್ಮೇಲೆ ಗಂಟೆಗೆ 830 ಕಿಮೀ ಆಸುಪಾಸು ಹಾರುತ್ತೆ. ಭಾಗಿಸಿದ್ರೆ 52 ನಿಮಿಷ. ಆದ್ರೆ ಟಿಕೆಟ್ ಮೇಲೆ ಒಂದೂವರೆ ಗಂಟೆ ಅಂತ ಇರುತ್ತಲ್ಲ?

ವಿಮಾನ ಆ ವೇಗದಲ್ಲಿ ಇರೋದೇ ಸ್ವಲ್ಪ ಹೊತ್ತು. 10,000 ಅಡಿ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದ್ರೆ ಗಂಟೆಗೆ 460 ಕಿಮೀ. 36,000 ಅಡಿಯಿಂದ ಇಳಿಯೋಕೆ ಹೆಚ್ಚುಕಮ್ಮಿ 200 ಕಿಮೀ ಮುಂಚೆಯೇ ಶುರು ಮಾಡ್ಬೇಕು. ಏರೋಕೂ ಹತ್ತಿರ ಹತ್ತಿರ ಅಷ್ಟೇ ದೂರ ಬೇಕು. 720ರಲ್ಲಿ 400 ಕಳೀರಿ, ಪೂರ್ತಿ ವೇಗಕ್ಕೆ ಸಿಗೋದು 320 ಕಿಮೀ. ದೆಹಲಿ–ಬೆಂಗಳೂರಿನ 1,700 ಕಿಮೀಯಲ್ಲಿ ಈ ನಷ್ಟ ಅಷ್ಟಾಗಿ ಗೊತ್ತಾಗಲ್ಲ, ಇಲ್ಲಿ ಎದ್ದು ಕಾಣುತ್ತೆ.

ಇನ್ನು ಟಿಕೆಟ್ ಮೇಲಿನ ಸಮಯ ಹಾರಾಟದ್ದಷ್ಟೇ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಅಲ್ಲಿ ಹೋಗಿ ನಿಲ್ಲೋವರೆಗೆ. ರನ್‌ವೇವರೆಗೆ ಉರುಳೋದು, ಸರದಿ ಕಾಯೋದು ಎಲ್ಲಾ ಇದರಲ್ಲೇ. ಲೋಹೆಗಾಂವ್ ವಾಯುಪಡೆಯ ನೆಲೆ ಬೇರೆ. ತಡ ಆಗ್ಬಾರ್ದು ಅಂತ ಕಂಪನಿಯವರು ಒಂದಿಷ್ಟು ನಿಮಿಷ ಸೇರಿಸಿಯೇ ಇಟ್ಟಿರ್ತಾರೆ. 'ಬೇಗ ತಲುಪಿದೆವು' ಅನ್ನೋ ಘೋಷಣೆಯ ಗುಟ್ಟು ಅದೇ!

ನನಗೆ ಈ ಲೆಕ್ಕ ಹಿಡಿಸಿದ್ದು ಒಂದು ರಾತ್ರಿ. ಅಮ್ಮನಿಗೆ ಹುಷಾರಿಲ್ಲ ಅಂತ ದಾವಣಗೆರೆಯಿಂದ ಸಂಜೆ 6ಕ್ಕೆ ಫೋನ್ ಬಂತು. ಆ್ಯಪ್‌ನಲ್ಲಿ 'ಒಂದೂವರೆ ಗಂಟೆ' ಅಂತ ನೋಡಿದ್ದೇ 10:20ರ ಫ್ಲೈಟ್ ಬುಕ್ ಮಾಡ್ದೆ. ಹಿಂಜವಡಿ ಪುಣೆಯ ಒಂದು ತುದಿ, ಏರ್‌ಪೋರ್ಟ್ ಇನ್ನೊಂದು ತುದಿ. ದೇವನಹಳ್ಳಿಯಲ್ಲಿ ಇಳಿದಾಗ 11:50. ಬ್ಯಾಗ್ ತಗೊಂಡು 35 ಕಿಮೀ ದೂರದ ಮೆಜೆಸ್ಟಿಕ್‌ಗೆ ಬಂದು, ಬಸ್ ಹಿಡಿದು, ಸುಮಾರು 260 ಕಿಮೀ ವಾಪಸ್ ಉತ್ತರಕ್ಕೆ. ಆಸ್ಪತ್ರೆ ತಲುಪಿದಾಗ ಬೆಳಿಗ್ಗೆ 7. ಪುಣೆಯಲ್ಲೇ ಇದ್ದ ಚಿಕ್ಕಪ್ಪನ ಮಗ 8 ಗಂಟೆಗೆ ಬೆಂಗಳೂರು ಬಸ್ ಹತ್ತಿ, ಹೆದ್ದಾರಿ 48ರಲ್ಲೇ ಇಳಿದು, 6ಕ್ಕೆಲ್ಲಾ ಅಮ್ಮನ ಪಕ್ಕ ಕೂತಿದ್ದ. "ಅಣ್ಣ, ನೀನು ಊರು ದಾಟಿ ಹೋಗಿ ವಾಪಸ್ ಬಂದ್ಯಾ?" ಅಂದ. ಅಮ್ಮ ಈಗ ಆರಾಮಾಗಿದಾರೆ, ಅದನ್ನ ನೆನೆಸ್ಕೊಂಡು ಇವತ್ತಿಗೂ ನಗ್ತಾರೆ.

ಹಾಗಾಗಿ ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯವರು ಬೆಂಗಳೂರು ಟಿಕೆಟ್ ಬುಕ್ ಮಾಡೋ ಮುಂಚೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ ಕೂಡಿಸಿ ನೋಡಿ. ತುಮಕೂರು, ಮೈಸೂರು, ಕೋಲಾರದವರಿಗೆ ವಿಮಾನವೇ ಸರಿ.