ಬಸಳೆ ಸೊಪ್ಪು: ಯಾರಿಗೆ ಹಿತ, ಯಾರಿಗೆ ಮಿತ?

ಕರಾವಳಿಯ ಮನೆಗಳಲ್ಲಿ ಚಪ್ಪರ ಹಾಕಿ ಹಬ್ಬಿಸುವ ಬಸಳೆ ನಾವಿರುವ ಊರುಗಳಲ್ಲೂ ಸಿಗುತ್ತದೆ, ಹೆಸರು ಮಾತ್ರ ಬೇರೆ. ಮುಂಬೈ, ಪುಣೆಯಲ್ಲಿ ‘ಮಾಯಾಳು’, ಹೈದರಾಬಾದಿನಲ್ಲಿ ‘ಬಚ್ಚಲಿ ಕೂರ’, ಚೆನ್ನೈಯಲ್ಲಿ ‘ಕೊಡಿ ಪಸಲೈ’, ದೆಹಲಿಯಲ್ಲಿ ‘ಪೋಯಿ ಸಾಗ್’ ಎಂದು ಕೇಳಿ.

*ಇದರಲ್ಲಿ ಏನಿದೆ?*
ಎಲೆಯಲ್ಲಿ ಶೇ. 90ಕ್ಕಿಂತ ಹೆಚ್ಚು ನೀರು. 100 ಗ್ರಾಂ ಸೊಪ್ಪಿಗೆ ಸುಮಾರು 20 ಕ್ಯಾಲೊರಿ ಅಷ್ಟೇ. ಕಣ್ಣಿಗೆ ಬೇಕಾದ ಬೀಟಾ ಕ್ಯಾರೋಟಿನ್, ವಿಟಮಿನ್ ಸಿ, ಫೋಲೇಟ್, ಕಬ್ಬಿಣ, ಕ್ಯಾಲ್ಸಿಯಂ ಇವೆ. ಬೆಂದಾಗ ಬರುವ ಲೋಳೆ ನೀರಿನಲ್ಲಿ ಕರಗುವ ನಾರು. ಮಲಬದ್ಧತೆ ಇರುವವರಿಗೆ ಒಳ್ಳೆಯದು.

*ರಕ್ತ ಕಡಿಮೆ ಇರುವವರಿಗೆ*
ಸೊಪ್ಪಿನಲ್ಲಿರುವ ಕಬ್ಬಿಣ ಅಷ್ಟೂ ಮೈಗೆ ಹತ್ತುವುದಿಲ್ಲ. ಊಟದ ಹೊತ್ತಿಗೆ ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಬೇಡ. ಒಂದು ಗಂಟೆ ಬಿಡಿ. ಬಸಳೆ ತಿನ್ನುತ್ತಿದ್ದೇವೆಂದು ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ.

*ಇವರು ಎಚ್ಚರ ವಹಿಸಿ*
1. ಕಿಡ್ನಿ ಕಲ್ಲು ಆಗಿದ್ದವರು: ಬಸಳೆಯಲ್ಲಿ ಆಕ್ಸಲೇಟ್ ಹೆಚ್ಚು. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವೇ. ಆದ್ದರಿಂದ “ಬಸಳೆ ರಸ ಕುಡಿದರೆ ಕಲ್ಲು ಕರಗುತ್ತದೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಿನ್ನಬಹುದೇ, ಎಷ್ಟು ಎಂದು ಡಾಕ್ಟರನ್ನು ಕೇಳಿ.
2. ರಕ್ತ ತೆಳುವಾಗಲು ವಾರ್ಫರಿನ್‌ನಂತಹ ಮಾತ್ರೆ ತೆಗೆದುಕೊಳ್ಳುವವರು: ಹಸಿರು ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಒಂದು ವಾರ ದಿನಾ ತಿಂದು, ಮುಂದಿನ ವಾರ ಪೂರ್ತಿ ಬಿಡುವುದು ಸರಿಯಲ್ಲ. ಪ್ರಮಾಣ ಒಂದೇ ಸಮನಾಗಿರಲಿ.
3. ಪೊಟ್ಯಾಶಿಯಂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿರುವ ಕಿಡ್ನಿ ರೋಗಿಗಳು: ಕೇಳದೆ ತಿನ್ನಬೇಡಿ.

ಉಳಿದವರು ವಾರಕ್ಕೆ ಒಂದೆರಡು ಸಲ ಧಾರಾಳವಾಗಿ ತಿನ್ನಬಹುದು.

*ಅಡುಗೆ ಹೇಗೆ?*
ಹಸಿ ಜ್ಯೂಸ್ ಬೇಡ, ಬೇಯಿಸಿ ತಿನ್ನಿ. ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಆಕ್ಸಲೇಟ್ ಸ್ವಲ್ಪ ಇಳಿಯುತ್ತದೆ. ಜೊತೆಗೆ ವಿಟಮಿನ್ ಸಿ ಕೂಡ ಹೋಗುತ್ತದೆ. ಊಟದಲ್ಲಿ ಮೊಸರು ಇದ್ದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ದಂಟು ಬಿಸಾಡಬೇಡಿ, ಹಲಸಿನ ಬೀಜ, ತೆಂಗಿನಕಾಯಿ ಹಾಕಿದ ಸಾಂಬಾರಿಗೆ ಅದೇ ರುಚಿ.

ಉಳಿದ ಬಲಿತ ದಂಟನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟು ಗ್ರಿಲ್ಲಿಗೆ ಹಬ್ಬಿಸಿ. ಮಳೆಗಾಲದಲ್ಲಿ ಬೇಗ ಚಿಗುರುತ್ತದೆ, ದೆಹಲಿಯ ಚಳಿ ಮಾತ್ರ ತಡೆಯದು.

ನಿಮ್ಮ ಬಳಗದಲ್ಲಿ ಕಿಡ್ನಿ ಕಲ್ಲಿನ ತೊಂದರೆ ಇರುವವರಿಗೆ ಈ ಮಾಹಿತಿಯನ್ನು ತಪ್ಪದೆ ಕಳುಹಿಸಿ.