ಹಳ್ಳಿಯ ಹೊಸ್ತಿಲಲ್ಲಿ ಕಳಚಿಡಬೇಕಾದ ಕೆಲವು ನಂಬಿಕೆಗಳು

ಅತಿಥಿಸತ್ಕಾರವನ್ನೇ ವಿದ್ಯೆಯಾಗಿ ಕಲಿಯಲು ಬರುವ ತರುಣ ತರುಣಿಯರಿಗೆ ಗ್ರಾಮೀಣ ಪ್ರವಾಸೋದ್ಯಮವೆಂಬ ವಿಷಯವನ್ನು ಬೋಧಿಸಬೇಕಾದ ಉಪಾಧ್ಯಾಯನು ಮೊದಲ ದಿನ ಕೇಳಬೇಕಾದ ಪ್ರಶ್ನೆ ಒಂದೇ ಎಂದು ನಾನು ತಿಳಿದಿದ್ದೇನೆ: ಹಳ್ಳಿ ಎಲ್ಲಿದೆ? ಬಸವೇಶ್ವರನಗರದ ನಮ್ಮ ತರಗತಿಯಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಹಳ್ಳಿಯು ಊರ ಹೊರಗೆ, ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿ, ಕಾಲದ ಲೆಕ್ಕದಲ್ಲಿ ಐವತ್ತು ವರ್ಷಗಳಷ್ಟು ಹಿಂದೆ ಇದೆಯೆಂಬುದೇ ಆ ಉತ್ತರ. ಆಗ ನಾನು ಅವರನ್ನು ಎಬ್ಬಿಸಿಕೊಂಡು ಹಾವನೂರು ವೃತ್ತವನ್ನು ದಾಟಿ ಸಾಣೇಗುರುವನಹಳ್ಳಿಯ ಕಡೆಗೆ ನಡೆಸುತ್ತೇನೆ. ಅಳತೆಗೋಲಿಟ್ಟು ಎಳೆದಂತಿರುವ ಅಡ್ಡರಸ್ತೆಗಳು ಇದ್ದಕ್ಕಿದ್ದಂತೆ ನೇರವನ್ನು ಮರೆತು ಸೊಟ್ಟಗಾಗುವ ಕಡೆ, ನಾವೀಗ ಬಡಾವಣೆಯಿಂದ ಹಳ್ಳಿಗೆ ಕಾಲಿಟ್ಟೆವೆಂದು ಹೇಳುತ್ತೇನೆ. ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಕೇತಮಾರನಹಳ್ಳಿ, ಕುರುಬರಹಳ್ಳಿ: ನಮ್ಮ ನಿತ್ಯದ ಬಸ್ಸುಗಳ ಫಲಕಗಳಲ್ಲಿ ಇಂದಿಗೂ ಉಳಿದಿರುವ ಈ ಹೆಸರುಗಳು ಹೊಲಗದ್ದೆಗಳ ನೆನಪನ್ನು ಹೊತ್ತ ಹೆಸರುಗಳು. ಹಳ್ಳಿಯೆಂಬುದು ದೂರದಲ್ಲಿ ಕೆಡದಂತೆ ಇಟ್ಟ ಒಂದು ಪ್ರಾಚೀನ ವಸ್ತುವೆಂಬ ಕಲ್ಪನೆಯು ಅಲ್ಲಿಗೆ ತುಸು ಅಲುಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನರ ಪೈಕಿ ಶೇಕಡಾ 61ರಷ್ಟು ಮಂದಿ ಗ್ರಾಮವಾಸಿಗಳಾಗಿಯೇ ಇದ್ದರೆಂಬುದನ್ನು ಆಮೇಲೆ ಹೇಳಿದರೆ ಸಾಕು. ಅಷ್ಟು ಜನ ಭೂತಕಾಲದಲ್ಲಿ ಬದುಕಿರುವುದು ಸಾಧ್ಯವಿಲ್ಲವಷ್ಟೆ.

ಎರಡನೆಯ ನಂಬಿಕೆ ಇದಕ್ಕಿಂತ ಹಠಮಾರಿಯಾದುದು. ಗ್ರಾಮೀಣ ಪ್ರವಾಸವೆಂದರೆ ಹೆದ್ದಾರಿಯ ಪಕ್ಕದ ವಿಹಾರಧಾಮವೊಂದರಲ್ಲಿ ಎತ್ತಿನ ಗಾಡಿಯೊಂದನ್ನು ನಿಲ್ಲಿಸಿ, ಗೋಡೆಗೆ ಕೆಮ್ಮಣ್ಣು ಬಳಿದು, ಬಡಿಸುವವನ ತಲೆಗೆ ರುಮಾಲು ಸುತ್ತಿ, ಬಾಳೆಯೆಲೆಯ ಮೇಲೆ ಮುದ್ದೆ ಬಡಿಸುವುದೆಂದು ನನ್ನ ವಿದ್ಯಾರ್ಥಿಗಳು ಮಾತ್ರವೇ ಅಲ್ಲ, ಅವರ ತಂದೆತಾಯಿಗಳೂ ನಂಬಿದ್ದಾರೆ. ಅಂಥ ಸ್ಥಳಗಳಲ್ಲಿ ನಾನೂ ಉಂಡಿದ್ದೇನೆ, ಉಪ್ಪುಸಾರು ಚೆನ್ನಾಗಿಯೇ ಇತ್ತು, ದೂರುವ ಉದ್ದೇಶ ನನಗಿಲ್ಲ; ಆದರೆ ಅದು ಗ್ರಾಮದ ವೇಷವೇ ಹೊರತು ಗ್ರಾಮವಲ್ಲ. ವ್ಯತ್ಯಾಸವು ಎಲ್ಲಿದೆಯೆಂಬುದನ್ನು ಇಟಲಿ ದೇಶವು 1985ರಲ್ಲಿ ಮಾಡಿದ ಕೃಷಿಪ್ರವಾಸದ ಕಾನೂನು ಬಹಳ ಸರಳವಾಗಿ ಗುರುತಿಸಿತು: ಅತಿಥಿಗಳನ್ನು ಇಳಿಸಿಕೊಳ್ಳುವ ರೈತನಿಗೆ ಬೇಸಾಯವೇ ಮುಖ್ಯ ವೃತ್ತಿಯಾಗಿ ಉಳಿಯಬೇಕು, ಆತಿಥ್ಯವು ಅದಕ್ಕೆ ಪೂರಕವಾಗಿರಬೇಕು. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಮನೆವಾಸದ ವಸತಿಗಳಿಗಾಗಿ ರೂಪಿಸಿದ ನಿಯಮಗಳಲ್ಲಿಯೂ ಇದೇ ತತ್ತ್ವದ ಛಾಯೆಯುಂಟು. ಯಜಮಾನನು ಕುಟುಂಬಸಮೇತನಾಗಿ ಅದೇ ಮನೆಯಲ್ಲಿ ವಾಸವಾಗಿರತಕ್ಕದ್ದು, ಬಾಡಿಗೆಯ ಕೋಣೆಗಳು ಆರನ್ನೂ ಮಂಚಗಳು ಹನ್ನೆರಡನ್ನೂ ಮೀರತಕ್ಕದ್ದಲ್ಲ. ಯಜಮಾನನಿಲ್ಲದ ಮನೆಯಲ್ಲಿ ಮಲಗಿದವನನ್ನು ಗಿರಾಕಿಯೆಂದು ಕರೆಯಬಹುದು, ಅತಿಥಿಯೆನ್ನುವುದು ಹೇಗೆ?

ಈ ಭೇದವನ್ನು ಕಣ್ಣಾರೆ ಕಾಣಬೇಕೆಂದರೆ ತುಂಗಭದ್ರೆಯ ತೀರಕ್ಕೆ ಹೋಗಬೇಕು. ಹಂಪೆಯ ಎದುರು ದಡದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿರುವ ಆನೆಗೊಂದಿಯು ವಿಜಯನಗರಕ್ಕಿಂತಲೂ ಹಳೆಯ ಚರಿತ್ರೆಯುಳ್ಳ ಊರು. ಕಿಷ್ಕಿಂಧೆಯೆಂಬ ಐತಿಹ್ಯವು ಅದಕ್ಕಿಂತಲೂ ಹಿಂದಿನದು. ಅಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆಯ ನಾರಿನಿಂದ ಚೀಲ, ಚಾಪೆ, ಬುಟ್ಟಿಗಳನ್ನು ಹೆಣೆಯುವ ಕಸಬನ್ನು ಕಲಿಸಿ, ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಪ್ರವಾಸಿಗಳಿಗೆ ವಸತಿಯಾಗಿಸುವ ಪದ್ಧತಿಯನ್ನು ಬೆಳೆಸಿತು. ಗೊನೆ ಕಡಿದ ಮೇಲೆ ತಿಪ್ಪೆಗೆ ಸೇರುತ್ತಿದ್ದ ದಿಂಡೇ ಇಲ್ಲಿ ಮೂಲದ್ರವ್ಯ; ಬಾಳೆಯ ತೋಟಗಳು ಆ ಪ್ರದೇಶದ ನೀರಾವರಿಯ ಫಲ; ಆ ನೀರಾವರಿಯ ಕಾಲುವೆಗಳಲ್ಲಿ ಕೆಲವು ವಿಜಯನಗರದ ಅರಸರ ಕಾಲದವು. ಹೀಗೆ ಪ್ರವಾಸಿಯು ಕೊಳ್ಳುವ ಒಂದು ಚೀಲದ ಹಿಂದೆ ಬೇಸಾಯವೂ ಚರಿತ್ರೆಯೂ ಒಂದೇ ದಾರದಲ್ಲಿ ಹೆಣೆದುಕೊಂಡಿವೆ. ಅದರ ಬಳಿಯಲ್ಲಿಯೇ, ನದಿಯ ಕವಲುಗಳ ನಡುವೆ, ವಿರೂಪಾಪುರಗಡ್ಡೆಯಿದೆ. ಅಲ್ಲಿಯೂ ಗುಡಿಸಲುಗಳಿದ್ದವು, ಗದ್ದೆಯ ನೋಟವಿದ್ದಿತು, ವಿದೇಶೀಯರ ಸಂದಣಿಯಂತೂ ಆನೆಗೊಂದಿಗಿಂತ ಹೆಚ್ಚೇ ಇದ್ದಿತು. ಆದರೆ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ಆ ಕಟ್ಟಡಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮರುತಿಂಗಳೇ ಅವು ನೆಲಸಮವಾದವು. ಒಂದೇ ನೀರು, ಒಂದೇ ಬಂಡೆ, ಒಂದೇ ಬಗೆಯ ಪ್ರವಾಸಿ. ಆದರೂ ಎರಡು ಊರುಗಳ ಗತಿ ಎರಡಾಯಿತು.

ಇಷ್ಟನ್ನು ಕೇಳಿದೊಡನೆ ವಿದ್ಯಾರ್ಥಿಗಳಲ್ಲಿ ಉತ್ಸಾಹಿಗಳಾದವರು ಮತ್ತೊಂದು ತಪ್ಪಿಗೆ ಜಾರುತ್ತಾರೆ: ಹಾಗಾದರೆ ಸರಕಾರವು ಹಳ್ಳಿಗೆ ಹಣ ಕೊಟ್ಟು, ಒಂದು ಸ್ವಾಗತಕೇಂದ್ರವನ್ನೂ ಕಲ್ಲುಹಾಸಿನ ರಸ್ತೆಯನ್ನೂ ಕಟ್ಟಿಸಿದರೆ ಉಳಿದುದೆಲ್ಲ ತಾನೇ ಆಗುವುದಲ್ಲವೆ? ಈ ಪ್ರಯೋಗವೂ ನಡೆದುಹೋಗಿದೆ. ಈ ಶತಮಾನದ ಆದಿಭಾಗದಲ್ಲಿ ಕೇಂದ್ರ ಸರಕಾರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಸೇರಿ ದೇಶದ 36 ಗ್ರಾಮಗಳನ್ನು ಆರಿಸಿದಾಗ ಕರ್ನಾಟಕದಿಂದ ಆನೆಗೊಂದಿಯೂ ಕದಂಬರ ಬನವಾಸಿಯೂ ಆ ಪಟ್ಟಿಯಲ್ಲಿದ್ದವು. ಆ ಯೋಜನೆಯನ್ನು ರೂಪಿಸಿದವರು ಕಟ್ಟಡಕ್ಕೆ ಬೇರೆ ಹಣವನ್ನೂ, ಊರವರ ತರಬೇತಿ, ಸಂಘಟನೆ, ಕುಶಲಕಲೆಗಳ ಪೋಷಣೆಗೆ ಬೇರೆ ಹಣವನ್ನೂ ಇಟ್ಟರು. ಎರಡನ್ನು ಬೇರ್ಪಡಿಸಿದುದು ವಿವೇಕ. ಕಟ್ಟಡವು ಗುತ್ತಿಗೆದಾರನ ಕೆಲಸವಾದುದರಿಂದ ಒಂದು ದಿನ ಮುಗಿಯುತ್ತದೆ, ಫಲಕವೂ ಬೀಳುತ್ತದೆ. ಯಾರ ಮನೆಗೆ ಈ ವಾರ ಅತಿಥಿ, ಯಾರ ಮನೆಯ ಹಾಲು, ಯಾರ ಹರಿಗೋಲು ಎಂಬ ಪಾಳಿಯ ವ್ಯವಸ್ಥೆಯಾದರೋ ಪ್ರತಿ ವಾರವೂ ಹೊಸದಾಗಿ ಒಪ್ಪಂದವಾಗಬೇಕಾದುದು. ಹಣವು ಊರಿನೊಳಗೆ ಬಂದರೂ ಊರಿನಲ್ಲಿ ನಿಲ್ಲುವುದೆಂಬ ಭರವಸೆಯಿಲ್ಲ. ಅಕ್ಕಿ, ಎಣ್ಣೆ, ಹಾಸಿಗೆ, ಅಡಿಗೆಯವನು ಎಲ್ಲವೂ ಪಟ್ಟಣದಿಂದಲೇ ಬಂದರೆ ಅದು ಬಂದ ಬಸ್ಸಿನಲ್ಲಿಯೇ ಹಿಂದಿರುಗುತ್ತದೆ.

ನನ್ನ ಸ್ವಂತ ವೃತ್ತಿಗೆ ತಗಲುವ ತಪ್ಪು ಕಲ್ಪನೆಯೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಳ್ಳಿಯವರಿಗೆ ನಾವು ಆತಿಥ್ಯವನ್ನು ಕಲಿಸಬೇಕೆಂದು ನಮ್ಮ ಪಾಠಕ್ರಮಗಳು ಗಟ್ಟಿಯಾಗಿ ಹೇಳದಿದ್ದರೂ ಒಳಗೊಳಗೆ ನಂಬಿವೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವನಿಗೆ ಮೊದಲು ನೀರು ಬೆಲ್ಲ ಕೊಟ್ಟು ಆಮೇಲೆ ಊರು ಕೇಳುವ ಗೃಹಿಣಿಗೆ, ಕರವಸ್ತ್ರವನ್ನು ಹಂಸದಂತೆ ಮಡಿಸುವುದನ್ನು ಕಲಿತ ಹತ್ತೊಂಬತ್ತರ ಹುಡುಗನು ಆತಿಥ್ಯವನ್ನು ಬೋಧಿಸಹೊರಡುವುದು ಹಾಸ್ಯಾಸ್ಪದ. ಹಾಗೆಂದು ಆ ಹುಡುಗನಿಂದ ಪ್ರಯೋಜನವೇ ಇಲ್ಲವೆಂದರೆ ಅದೂ ಸುಳ್ಳು. ವಿದೇಶೀ ಅತಿಥಿ ಬಂದಿಳಿದ 24 ಗಂಟೆಗಳೊಳಗೆ ಅವನ ವಿವರವನ್ನು ವಿದೇಶೀಯರ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂಬುದು ಆಕೆಗೆ ತಿಳಿದಿರಲಾರದು. 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ದುಡ್ಡು ಪಡೆದು ಊಟ ಹಾಕುವ ಚಿಕ್ಕ ಅಡಿಗೆಮನೆಗೂ ನೋಂದಣಿ ಬೇಕೆಂಬುದೂ, ಶೇಂಗಾ ಚಟ್ನಿಯು ಕೆಲವರ ದೇಹಕ್ಕೆ ವಿಷವಾಗಬಲ್ಲುದೆಂಬುದೂ, ತನ್ನ ದುಡಿಮೆಯ ಕೂಲಿಯನ್ನು ಊಟದ ಬೆಲೆಯಲ್ಲಿ ಸೇರಿಸಿಕೊಳ್ಳಬೇಕೆಂಬುದೂ ಆಕೆಗೆ ಹೊಸತು. ಕೊನೆಯದು ಎಲ್ಲಕ್ಕಿಂತ ಕಷ್ಟ. ಅನ್ನಕ್ಕೆ ಬೆಲೆ ಕಟ್ಟುವುದು ಆಕೆಗೆ ನಾಚಿಕೆಯ ವಿಷಯ. ಆ ನಾಚಿಕೆಯನ್ನು ನೋಯಿಸದೆ ಲೆಕ್ಕ ಬರೆದುಕೊಡಬಲ್ಲವನನ್ನು ನಾನು ಪರೀಕ್ಷೆಯಲ್ಲಿ ಮೊದಲ ದರ್ಜೆಯವನೆಂದು ಎಣಿಸುತ್ತೇನೆ.

ಕಟ್ಟಕಡೆಗೆ, ಹೋಗಿ ನೋಡಿಬರುವುದರಿಂದ ಯಾರಿಗೆ ಏನು ನಷ್ಟ ಎಂಬ ಮುಗ್ಧ ನಂಬಿಕೆ. ಇದನ್ನು ನಾವು ಕಳೆದುಕೊಂಡದ್ದು ರಾಮನಗರದ ಸೀಮೆಯಲ್ಲಿ. ನಮಗೆ ಅದು ಮಾಗಡಿ ರಸ್ತೆ ಹಿಡಿದರೂ ಮೈಸೂರು ರಸ್ತೆ ಹಿಡಿದರೂ ಬೆಳಗಿನ ತಿಂಡಿಯ ಹೊತ್ತಿಗೆ ತಲಪುವ ಸ್ಥಳ. ಏಷ್ಯಾ ಖಂಡದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ, ಹತ್ತಿರದ ಹಳ್ಳಿಯೊಂದರಲ್ಲಿ ರೇಷ್ಮೆಹುಳು ಸಾಕುವ ಮನೆಯನ್ನು ಹೊಕ್ಕು ಚಿತ್ರ ತೆಗೆದುಕೊಂಡು ಬರುವುದೆಂದು ನಿಶ್ಚಯಿಸಿ ಇಪ್ಪತ್ತೆರಡು ಮಂದಿ ಹೊರಟಿದ್ದೆವು. ಸೊಳ್ಳೆಬತ್ತಿಯ ಹೊಗೆ, ಹೊಗೆಸೊಪ್ಪಿನ ಗಾಳಿ, ಪಕ್ಕದ ಹೊಲದಿಂದ ಬಂದ ಔಷಧಿಯ ತುಂತುರು, ಯಾವುದು ಸೋಕಿದರೂ ಪ್ರಾಣ ಬಿಡುವಷ್ಟು ಸುಕುಮಾರವಾದ ಜೀವವದು. ಮೊಟ್ಟೆಯೊಡೆದ ಮೇಲೆ ಸುಮಾರು ಇಪ್ಪತ್ತೈದು ದಿವಸಗಳಲ್ಲಿ ನಾಲ್ಕು ಸಲ ಅದು ಪೊರೆ ಕಳಚುತ್ತದೆ. ಉಣ್ಣದೆ ಅಲುಗದೆ ತಲೆಯೆತ್ತಿ ಕುಳಿತಿರುವ ಆ ಅವಸ್ಥೆಯನ್ನು ನಮ್ಮ ರೈತರು ಜ್ವರವೆಂದು ಕರೆಯುವುದು ಎಷ್ಟು ಸಮಂಜಸ! ನಾಲ್ಕನೆಯ ಜ್ವರದಿಂದೆದ್ದ ಹುಳು ತನ್ನ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ಉಳಿದ ಒಂದು ವಾರದಲ್ಲಿಯೇ ತಿನ್ನುತ್ತದೆ. ಆ ವಾರ ಮನೆಯವರಿಗೆ ಇರುಳೂ ಹಗಲೇ. ಹೊರಗಿನಿಂದ ಬಂದುದರ ಭಯ ಈ ಸೀಮೆಗೆ ಕಾರಣವಿಲ್ಲದೆ ಅಂಟಿದುದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆಗೆ ಊಜಿ ನೊಣವು ಕರ್ನಾಟಕಕ್ಕೆ ಬಂದು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಸಂಸಾರಗಳ ಬೆಳೆಯನ್ನೇ ತಿಂದುಹಾಕಿದ ಮೇಲೆ, ಕಿಟಕಿಗಳಿಗೆ ಬಲೆಯೂ ಬಾಗಿಲಲ್ಲಿ ಕೈಕಾಲು ತೊಳೆಯುವ ಔಷಧಿನೀರೂ ಇಲ್ಲಿನ ಆಚಾರವಾದವು.

ಇದಾವುದನ್ನೂ ಮೊದಲೇ ವಿಚಾರಿಸದೆ, ದೂರವಾಣಿಯಲ್ಲಿ "ಬನ್ನಿ" ಎಂದರೆಂಬ ಒಂದೇ ಬಲದ ಮೇಲೆ ನಾವು ಹೋಗಿ ನಿಂತೆವು. ತಪ್ಪು ಮಕ್ಕಳದಲ್ಲ, ನನ್ನದು. ಮನೆಯೊಡತಿ ಬಾಗಿಲಿಗೆ ಅಡ್ಡಲಾಗಿ ನಿಂತು, ಗಂಧದೆಣ್ಣೆ ಪೂಸಿಕೊಂಡು ಕ್ಯಾಮರಾ ಹಿಡಿದು ಮುಂದೆ ಬಂದಿದ್ದ ಹುಡುಗಿಯ ಕೈಯನ್ನು ಮೆಲ್ಲನೆ ಹಿಡಿದುಕೊಂಡು, "ಈವತ್ತು ಒಳಕ್ಕೆ ಬಿಡಾಕಿಲ್ಲ ಕಣವ್ವ, ನಾಕನೇ ಜ್ವರಕ್ಕೆ ಕುಂತವೆ" ಎಂದರು. ಆ ಮೇಲೆ ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕಬ್ಯಾಡಿ ಮೇಷ್ಟ್ರೇ, ಗೂಡು ಮಾರಿ ಮನೆ ತೊಳ್ದ ಮ್ಯಾಲೆ ಹೇಳಿ ಕಳಿಸ್ತೀನಿ, ಆಗ ಬನ್ನಿ, ಹುಳ ಗೂಡು ಕಟ್ಟೋ ಚಂದ್ರಿಕೆ ಎಲ್ಲ ತೋರುಸ್ತೀನಿ" ಎಂದು ಸಮಾಧಾನಪಡಿಸಿದರು. ಅಂಗಳದಲ್ಲಿ ಚಾಪೆ ಹಾಸಿ, ಇಪ್ಪತ್ತೆರಡು ಜನಕ್ಕೂ ಮಜ್ಜಿಗೆ ಕೊಟ್ಟು, ಹಿಪ್ಪುನೇರಳೆಯ ತೋಟವನ್ನು ತಾವೇ ಸುತ್ತಾಡಿಸಿ ತೋರಿಸಿದರು. ಮಜ್ಜಿಗೆಗೆ ದುಡ್ಡು ಎಷ್ಟೆಂದು ಕೇಳಿದ ನಮ್ಮ ಹುಡುಗನೊಬ್ಬನನ್ನು ಅವರು ನೋಡಿದ ನೋಟವನ್ನು ಅವನು ಇನ್ನೂ ಮರೆತಿಲ್ಲ. ಮೂರು ವಾರಗಳ ಮೇಲೆ ಒಂದು ಸಂಜೆ ಅವರ ಕರೆ ಬಂತು. ಆ ಸಲ ಆರು ಜನ ಮಾತ್ರ ಹೋದೆವು.